ಬ್ಯಾರನ್ ಪೈಪು ತೊಡೆಯ ಒಳಗೆ ತಾಗುವುದಿಲ್ಲ

ಆ ಮಗು ಸ್ಟೂಲಿನ ಮೇಲೆ ಕೂರಲಿಲ್ಲ. ಐದು ವರ್ಷದ ಹೆಣ್ಣುಮಗು, ಕಾಲು ಅಗಲಿಸಿಕೊಂಡು ನಿಂತೇ ಇತ್ತು. ಜೊತೆಗೆ ಬಂದಿದ್ದ ಅಜ್ಜಿ, ತಂದೆಯ ತಾಯಿ, ನಾನು ಕೇಳುವ ಮೊದಲೇ ಉತ್ತರ ಕೊಟ್ಟಳು.

"ಬ್ಯಾರನ್ ಪೈಪು ತಗುಲ್ಬುಡ್ತು ಕಣವ್ವ. ಆಡ್ತಾ ಆಡ್ತಾ ಹೋಗಿ ಬಿದ್ಬುಡ್ತು."

ಮಗುವಿನ ತಾಯಿ ಸೆರಗಿನ ತುದಿ ಕಚ್ಚಿಕೊಂಡು ಗೋಡೆಯ ಪೋಲಿಯೊ ಪೋಸ್ಟರ್ ನೋಡುತ್ತಿದ್ದಳು.

ಕೃಷ್ಣರಾಜನಗರದ ಈ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಮಕ್ಕಳ ಡಾಕ್ಟರಾಗಿ ರಿಟೈರ್ ಆದ ಮೇಲೂ ಬೆಳಗಿನ ಹೊತ್ತು ಮಕ್ಕಳನ್ನು ನೋಡುತ್ತೇನೆ. ಬ್ಯಾರನ್ನಿನಲ್ಲಿ, ಅಂದರೆ ಕಾವಿನ ಗೂಡಿನಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಸುಟ್ಟುಕೊಂಡ ಮಕ್ಕಳು ಬರುವುದು ಹೊಸದಲ್ಲ. ನಾನೂ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆಯವಳೇ. ದಸರಾ ರಜೆಗೆ ಕಾನ್ವೆಂಟ್ ಹಾಸ್ಟೆಲಿನಿಂದ ಬಂದವಳು ಬ್ಯಾರನ್ನಿನ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ಸ್ಟೋರಿ ಬುಕ್ ಓದುತ್ತಿದ್ದೆ. ಆ ಸಿಹಿ ವಾಸನೆ ಯೂನಿಫಾರ್ಮಿಗೆ ಹತ್ತಿ, ಸಿಸ್ಟರ್ "ಸ್ಮೋಕ್ಡ್ ಫಿಶ್" ಎಂದು ಕರೆದು ನಗುತ್ತಿದ್ದರು. ಎಂಥ ದಿನಗಳು! ಆದ್ದರಿಂದ ನನಗೆ ಗೊತ್ತು: ಒಲೆಯ ಕಾವು ಹರಿಸುವ ಪೈಪು ಇರುವುದು ಬ್ಯಾರನ್ನಿನ ಒಳಗೆ, ಒಲೆ ಹತ್ತಿಸಿದ ಮೇಲೆ ಬಾಗಿಲು ಭದ್ರ. ಹಾಗೂ ಹೀಗೂ ನುಗ್ಗಿ ಬಿದ್ದ ಮಗು ಮೊದಲು ಅಂಗೈ ಊರುತ್ತದೆ.

ಈ ಮಗುವಿನ ಅಂಗೈ ಹೂವಿನಂತಿತ್ತು. ಲಂಗ ಎತ್ತಿದರೆ ಎರಡು ತೊಡೆಯ ಒಳಭಾಗದಲ್ಲೂ ಒಂದೊಂದು ಬರೆ. ಅಂಚು ನೇರ, ಅಗಲ ದೋಸೆ ಮಗುಚುವ ಕೈಯಷ್ಟು. ನಿನ್ನೆ ಆದದ್ದೆಂದು ಅಜ್ಜಿ ಹೇಳಿದ ಗಾಯದಲ್ಲಿ ಆಗಲೇ ಕೀವು ತುಂಬಿತ್ತು.

"ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಾಳಾ?" ಎಂದು ಕೇಳಿದೆ.

ತಾಯಿಯ ಬಾಯಿಂದ ಸೆರಗು ಜಾರಿತು. ಅಜ್ಜಿ ಕಥೆ ಬದಲಿಸಿದಳು: "ಅಯ್ಯೋ, ಫಿಟ್ಸ್ ಬಂದಿತ್ತು ಕಣವ್ವ, ಅದ್ಕೇ ಬರೆ ಹಾಕ್ದೊ. ನಮ್ಮಳ್ಳೀಲಿ ಎಲ್ರೂ ಹಾಕ್ತರೆ."

ಹಾಕುತ್ತಾರೆ, ನಿಜ. ಎಷ್ಟೋ ಕೂಸುಗಳ ಹೊಟ್ಟೆ, ಹಣೆಯ ಮೇಲೆ ಅಂಥ ಚುಕ್ಕಿಗಳನ್ನು ನೋಡಿ ಬೈದು ಬುದ್ಧಿ ಹೇಳಿದ್ದೇನೆ. ಆ ತಾಯಂದಿರು ಅದನ್ನು ತಾವೇ ತೋರಿಸುತ್ತಾರೆ. ಲಂಗದೊಳಗೆ ಯಾರೂ ಔಷಧಿ ಬಚ್ಚಿಡುವುದಿಲ್ಲ.

ಪಕ್ಕದ ಕೋಣೆಗೆ ಹೋಗಿ ನರ್ಸಿಂಗ್ ಹೋಮಿನ ಮಾಲೀಕ, ನನಗಿಂತ ಬಹಳ ಚಿಕ್ಕವನಾದ ಡಾಕ್ಟರಿಗೆ ಹೇಳಿದೆ.

"ಮೇಡಂ, ಕಸ್ಟಮ್ ಅಂತ ಅವರೇ ಹೇಳ್ತಿದ್ದಾರಲ್ಲ. ಅಡ್ವೈಸ್ ಮಾಡಿ ಕಳಿಸೋಣ. ನಿಮಗೆ ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ ಇದೆಯಾ?"

"ಐ ಬೆಗ್ ಯುವರ್ ಪಾರ್ಡನ್? ಟೈಫಾಯಿಡ್ ಅನುಮಾನ ಬಂದ್ರೆ ಗ್ಯಾರಂಟಿ ಆಗೋವರೆಗೆ ಸುಮ್ನೆ ಕೂತಿರ್ತೀಯೇನಪ್ಪ?"

"ನಾವೂ ಏಟು ತಿಂದೇ ಅಲ್ವಾ ಮೇಡಂ ಬೆಳೆದಿದ್ದು?"

ಮೈಯೆಲ್ಲ ಉರಿಯಿತು. "ನೀನು ಡಾಕ್ಟರಾಗಿದ್ದು ಏಟಿನಿಂದ ಅಲ್ಲ ಕಣಯ್ಯ, ಏಟು ತಿಂದೂ ಆದೆ," ಎಂದೆ. ಅವನು ನಗಲಿಲ್ಲ. "ನಾವು ರಿಪೋರ್ಟ್ ಮಾಡಿದ್ವಿ ಅಂದ್ರೆ ಆ ಊರಿನವರು ಸುಟ್ಟ ಮಗುನ ಇನ್ಮೇಲೆ ಇಲ್ಲಿಗೆ ತರಲ್ಲ. ಮನೇಲೇ ಕೊಳೆಯುತ್ತೆ. ಅದನ್ನೂ ಯೋಚಿಸಿ," ಎಂದ.

ಅವನ ಮಾತಿನಲ್ಲಿ ಅದೊಂದೇ ನನ್ನನ್ನು ಚುಚ್ಚಿದ್ದು. ಏಕೆಂದರೆ ಅದು ಸುಳ್ಳಲ್ಲ. ಆದರೆ ನಾಳೆ ಬರಬಹುದಾದ ಮಕ್ಕಳ ಹೆಸರಿನಲ್ಲಿ ಇವತ್ತು ಎದುರಿಗೆ ನಿಂತಿರುವ ಮಗುವನ್ನು ಅದೇ ಒಲೆಯ ಮುಂದಕ್ಕೆ ವಾಪಸ್ ಕಳಿಸುವುದು ಯಾವ ನ್ಯಾಯ?

ಕೀವಾಗಿದೆ, ನಂಜೇರುತ್ತದೆ ಎಂದು ಮಗುವನ್ನು ಅಡ್ಮಿಟ್ ಮಾಡಿಸಿದೆ. ಅದು ಸುಳ್ಳೂ ಅಲ್ಲ, ಪೂರ್ತಿ ಕಾರಣವೂ ಅಲ್ಲ. ಆಮೇಲೆ ನನ್ನ ಮೊಬೈಲಿನಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಮಧ್ಯಾಹ್ನ ಮಕ್ಕಳ ರಕ್ಷಣೆಯ ಕಡೆಯಿಂದ ಇಬ್ಬರು ಹೆಂಗಸರು ಬಂದರು. ಅಜ್ಜಿ ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು: "ನಮ್ಮನೆ ಮಗ, ನಾವು ಒಡೀತೀವಿ, ಬಡೀತೀವಿ. ಎತ್ತಿ ಆಡ್ಸಕ್ಕೆ ಒಂದು ಮಗ ಇಲ್ದೋಳಿಗೆ ಏನ್ ಗೊತ್ತದೆ?" ನನಗೆ ಮಕ್ಕಳಿಲ್ಲ. ಆ ಮಾತು ಹಳೆಯದು, ಆದರೂ ತಾಗುತ್ತದೆ.

ಬಂದವರು ತಾಯಿಯನ್ನು ಬೇರೆ ಕೂರಿಸಿ ಕೇಳಿದರು. ಅಜ್ಜಿ ಆಗಲೇ ಫಿಟ್ಸಿನ ಮಾತು ಬಿಟ್ಟು ಮತ್ತೆ ಪೈಪಿಗೇ ಮರಳಿದ್ದಳು. ತಾಯಿಯೂ ಪೈಪು ಎಂದೇ ಹೇಳಿದಳು. ಇಬ್ಬರೂ ನನ್ನ ಮುಖ ನೋಡಿದರು. ಈ ಮುದುಕಿ ಡಾಕ್ಟರಿಗೆ ಎಲ್ಲೋ ತಪ್ಪಿರಬೇಕು ಎಂಬ ಮರ್ಯಾದೆಯ ನೋಟ.

ಅಷ್ಟರಲ್ಲಿ ವಾರ್ಡಿನಲ್ಲಿ ಮಲಗಿದ್ದ ಮಗುವಿಗೆ ಎಚ್ಚರವಾಯಿತು. ಹಾಸಿಗೆ ಒದ್ದೆಯಾಗಿತ್ತು. ನರ್ಸ್ ಶೀಟು ಬದಲಿಸಲು ಬಂದಳು, ಅಷ್ಟೇ. ಮಗು ಮಂಚದಿಂದ ಇಳಿದು, ಮಂಚದ ಕೆಳಗೆ ತೆವಳಿ, ಗೋಡೆಗೆ ಅಂಟಿಕೊಂಡು ಎರಡು ಕೈಯಲ್ಲೂ ತೊಡೆ ಮುಚ್ಚಿಕೊಂಡಿತು. ಅಳಲಿಲ್ಲ. "ಅಜ್ಜೀ, ಇನ್ನ ಮಾಡಲ್ಲ," ಎಂದಿತು. ಅಷ್ಟು ಹೊತ್ತಿಗೆ ವಾರ್ಡಿನ ಬಾಗಿಲಿಗೆ ಬಂದಿದ್ದ ಆ ಇಬ್ಬರಲ್ಲಿ ಒಬ್ಬರು ಪೆನ್ನು ತೆಗೆದು ಬರೆದುಕೊಂಡರು.

ಮಗುವನ್ನೂ ತಾಯಿಯನ್ನೂ ಭೇರ್ಯದ ಕಡೆಯ ತವರಿಗೆ ಕಳಿಸಿದರು. ಕೇಸು ನಡೆಯುತ್ತಲೇ ಇದೆ. ಅಜ್ಜಿ ಊರಿನ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತಾಂಬೂಲ ತೆಗೆದುಕೊಳ್ಳುತ್ತಾಳಂತೆ. ಸಂಸಾರ ಒಡೆದವಳು ಎಂಬ ಹೆಸರು ಬಂದದ್ದು ಸೊಸೆಗೆ! ಸುಟ್ಟವಳಿಗೆ ಕುರ್ಚಿ, ಸುಮ್ಮನಿದ್ದವಳಿಗೆ ಶಿಕ್ಷೆ. ಡಿಸ್‌ಗಸ್ಟಿಂಗ್. ಆ ಊರಿನಿಂದ ಈಗ ಲಸಿಕೆಗೂ ಒಂದು ಮಗು ನಮ್ಮಲ್ಲಿಗೆ ಬರುವುದಿಲ್ಲ. ಚಿಕ್ಕ ಡಾಕ್ಟರ್ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಖಾಲಿ ಬೆಂಚುಗಳನ್ನು ನೋಡುತ್ತಾನೆ.

ಮೊನ್ನೆ ಆ ತಾಯಿ ಬಂದಳು, ಮಗುವನ್ನು ಕರೆದುಕೊಂಡು.

"ಥ್ಯಾಂಕ್ಸ್ ಹೇಳಾಕೆ ಬಂದಿಲ್ಲ ಕಣವ್ವ. ನನ್ ಗಂಡ ಫೋನೂ ಎತ್ತಲ್ಲ. ಇವ್ಳಿಗೆ ಕೆಮ್ಮು, ಔಸ್ದಿ ಕೊಡಿ."

ನಾನು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಕೆಮ್ಮು ಸಾಮಾನ್ಯದ್ದೇ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಅವತ್ತು ಫೋನ್ ಮಾಡಾಕ್ ಮುಂಚೆ ನನ್ನೊಬ್ಬಳನ್ನೇ ಆಚೆಗೆ ಕರೆದು ಕೇಳ್ಬೋದಿತ್ತು ನೀವು."

"ಕೇಳಿದ್ದರೆ ನಿಜ ಹೇಳ್ತಿದ್ದೆಯೇನಮ್ಮ?"

ಅವಳು ಮಗುವಿನ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ ಮುಗಿಸಿದಳು.

"ಇಲ್ಲ," ಎಂದಳು.