ಗುಲಿಟ್ ಕೇರಿಯ ಸಾವು ಸಾರುವವರು

ಅಡಿಸ್ ಅಬಾಬಾದ ಅಂಚಿನಲ್ಲಿ ಇನ್ನೂ ಮಬ್ಬುಗತ್ತಲೆ. ಐದಂತಸ್ತಿನ ಕಟ್ಟಡದ ಮೆಟ್ಟಿಲೇರುತ್ತ ವೊಂದಫ್ರಾಶ್ ಒಂದೊಂದೇ ಬಾಗಿಲು ಬಡಿಯುತ್ತಾರೆ. "ದರ್ಜಿ ಬೆಕೆಲೆ ಹೋಗ್ಬಿಟ್ಟ. ಕೇಳಿದೋರು ಕೇಳದೇ ಇರೋರಿಗೆ ಹೇಳಿ."

"ಯಾವ ಬೆಕೆಲೆನಯ್ಯಾ? ನಮ್ಮೋರಲ್ಲ, ಮುಂದೆ ಹೋಗು!" ಒಳಗಿನಿಂದ ಒಬ್ಬಾಕೆ ಗದರುತ್ತಾಳೆ. ಅವರು ತಲೆತಗ್ಗಿಸಿ ಮುಂದಿನ ಬಾಗಿಲಿಗೆ ಹೋಗುತ್ತಾರೆ.

ಇವರು ಇದಿರ್‌ನಲ್ಲಿ, ಅಂದರೆ ಸಾವಾದಾಗ ನೆರವಾಗುವ ನೆರೆಹೊರೆಯವರ ಸಂಘದಲ್ಲಿ, ಸಾರುವ ಕೆಲಸದವರು. ಗುಲಿಟ್ ಕೇರಿಯಲ್ಲಿ ನಸುಕಿಗೆ ಇವರ ತುತ್ತೂರಿ ಕೇಳಿದರೆ ಸಾಕು, ಮಾತು ಬಿಟ್ಟವರೂ ಡೇರೆ ಹಾಕಲು, ಗುಗ್ಗರಿ ಬೇಯಿಸಲು ಓಡಿಬರುತ್ತಿದ್ದರು. ನಗರ ನವೀಕರಣವೆಂದು ಕೇರಿ ಕೆಡವಿದ ಮೇಲೆ ಜನ ಈ ದೂರದ ಕಟ್ಟಡಗಳಿಗೆ ಹಂಚಿಹೋಗಿ ದಿಕ್ಕಾಪಾಲಾದರು. ಇಲ್ಲಿನ ಕಾವಲುಗಾರ ತುತ್ತೂರಿ ಊದಲು ಬಿಡುವುದಿಲ್ಲ.

"ಸುಳ್ಳು ಹೇಳಬಾರದು ಮಗಳೇ," ಅವರ ಕಥೆ ಕೇಳಲು ಮನೆಗೆ ಬಂದ ನನಗೆ ಕಾಫಿ ಕೊಡುತ್ತ ಅವರು ಹೇಳುತ್ತಾರೆ. "ನಲ್ಲೀಲಿ ನೀರು ಬರುತ್ತೆ. ಕಕ್ಕಸು ಮನೆಯೊಳಗೇ ಇದೆ. ಆದ್ರೂ ನಂಗೆ ಹಳೇ ಕೇರೀನೇ ಚೆನ್ನಾಗಿತ್ತು."

"ಇವರೇನು ಕೊಡ ಹೊತ್ತಿದ್ರಾ?" ಹೆಂಡತಿ ಅಸ್ನಾಕೆಚ್ ಚುಚ್ಚುತ್ತಾರೆ.

ಸ್ವಂತ ಮನೆಯಿದ್ದವರು ಪರಿಹಾರ ಪಡೆದು ಅಂಗಡಿ ತೆರೆದಿದ್ದಾರೆ. ಬಾಡಿಗೆ ಮನೆಯ ಮೂಲೆಯಲ್ಲಿ ಬಾಡಿಗೆಗಿದ್ದವರು ಎಲ್ಲಿ ಹೋದರೋ, ಕೇಳಿದವರಿಲ್ಲ. ಕೇರಿಯಿದ್ದಲ್ಲಿ ಈಗ ಉದ್ಯಾನವಿದೆ. ಸಂಜೆ ನನ್ನ ಮಕ್ಕಳು ಆಡುವುದೂ ಅಲ್ಲೇ. ಇವರೆದುರು ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ವೊಂದಫ್ರಾಶ್ ಅವರ ನಾಚಿಕೆ ಬೇರೆ. ಇಲ್ಲಿಗೆ ಬಂದ ಮೇಲೆ ಮೊದಲು ತೀರಿಕೊಂಡವರು ಬಟ್ಟೆ ಒಗೆಯುತ್ತಿದ್ದ ಯೆಶಿ ಅಜ್ಜಿ. "ಫೋನ್ ಬಂತು. ಸಾವು ಅಂದ ತಕ್ಷಣ ತುತ್ತೂರಿ ಎತ್ಕೊಂಡು ಮೊದಲ ಬಸ್ ಹತ್ತಿದೆ. ಅಭ್ಯಾಸಬಲ, ಹಳೇ ಕೇರಿಗೇ ಹೋಗಿ ಊದಿದೆ, ಅವಳ ಹೆಸರು ಕೂಗಿದೆ. ಹುಲ್ಲಿಗೆ ನೀರು ಬಿಡ್ತಿದ್ದೋಳು 'ಯಾರನ್ನ ಕರೀತಿದೀಯಣ್ಣಾ?' ಅಂದ್ಲು. ಆಗ ಎಚ್ಚರ ಆಯ್ತು."

ಹಿಂದಿರುಗುವಷ್ಟರಲ್ಲಿ ಮಣ್ಣಾಗಿತ್ತು. ಸುದ್ದಿ ಹೆಚ್ಚಿನವರಿಗೆ ಮುಟ್ಟಲೇ ಇಲ್ಲ. ಹೆಗಲು ಸಾಲದೆ ಹೆಣದ ವ್ಯಾನಿನ ಚಾಲಕನೂ ಹೊತ್ತನಂತೆ. ಅಜ್ಜಿಯ ಮಗಳು ಇವರನ್ನು ಬೈಯಲಿಲ್ಲ, ಕೂರಿಸಿ ಗುಗ್ಗರಿ ಕೊಟ್ಟಳು. "ಬೈದಿದ್ರೆ ತಡ್ಕೋತಿದ್ದೆ."

ಅಂದಿನಿಂದ ಇವರು ಎಲ್ಲ ಕಟ್ಟಡಗಳಿಗೂ ನಡೆದೇ ಹೋಗಿ ಬಾಗಿಲು ಬಡಿಯುತ್ತಾರೆ. ಸಂಘದಿಂದ ಇನ್ನೇನು ಬೇಕು ಎಂದು ಕೇಳಿದೆ.

"ನಾನು ಸತ್ರೆ ಯಾರಿಗೂ ಸಾರಬೇಡಿ ಅಂತ ಹೇಳಿಟ್ಟಿದೀನಿ. ಯೆಶಿಗೆ ಬಂದಷ್ಟೇ ಜನ ನಂಗೂ ಬರಲಿ. ಒಬ್ಬರೂ ಹೆಚ್ಚು ಬೇಡ."