ಗುಡುಗಿಗೆ ಖಾಲಿಯಾದ ಫೈಲ್

ಎರಡು ವರ್ಷದ ಹಿಂದಿನ ಅಕ್ಟೋಬರ್. ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಟ್ಟ ಫೈಲುಗಳನ್ನು ಬದುಕಿಸುವುದು ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಶಂಕರಪುರದಿಂದ ಜಾನೆಟ್ ಫೋನ್ ಮಾಡಿದಳು. ನನ್ನ ಕೈಕೆಳಗೆ ಕಲಿತವಳು. ಮದುವೆಯಾದ ಮೇಲೆ ಮನೆಯಲ್ಲೇ ಕುಳಿತು, ಮಲ್ಲಿಗೆಯ ದಿನದ ದರ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದಳು. ಮರುದಿನ ಕಾಪುವಿನಲ್ಲಿ ಹೂವಿನ ವ್ಯಾಪಾರಿಗಳಿಗೆ ಅದನ್ನು ತೋರಿಸಬೇಕು. ಒಪ್ಪಿದರೆ ಅವಳ ಸ್ವಂತ ಹೆಸರಿನ ಮೊದಲ ಕೆಲಸ.

"ಸರ್, ಗಿಟ್ ಕೆಲಸವೇ ಮಾಡುವುದಿಲ್ಲ. ಆಬ್ಜೆಕ್ಟ್ ಫೈಲ್ ಖಾಲಿ ಉಂಟು ಅಂತ ಹೇಳ್ತದೆ."

ಬರೆದದ್ದರ ಪ್ರತಿ ಹಂತವನ್ನೂ ಆಬ್ಜೆಕ್ಟ್ ಎಂಬ ಫೈಲುಗಳಲ್ಲಿ ಕಾಪಾಡುವ ಸಾಫ್ಟ್‌ವೇರ್ ಗಿಟ್. ಅವಳು ಹೊಸದಾಗಿ ತಿದ್ದುತ್ತಿದ್ದ ಪ್ರೋಗ್ರಾಂ ಇನ್ನೂ ಅರ್ಧದಲ್ಲಿತ್ತು. ಸರಿಯಾಗಿ ಓಡುತ್ತಿದ್ದ ಹಿಂದಿನ ಆವೃತ್ತಿ ಗಿಟ್‌ನೊಳಗೆ ಮಾತ್ರ ಇತ್ತು. ನೆಟ್ ಕೈಕೊಟ್ಟಿದ್ದರಿಂದ ಸರ್ವರ್‌ಗೂ ಒಂದು ಪ್ರತಿ ಕಳುಹಿಸಿರಲಿಲ್ಲ. "ಏನೂ ಮುಟ್ಟಬೇಡ" ಎಂದವನೇ ಸ್ಕೂಟರ್ ಹತ್ತಿದೆ. ಇಂಥ ಕೇಸು ಸಿಕ್ಕಿದರೆ ನನಗೆ ಊಟವೂ ಬೇಡ!

ಕಾರಣ ಬೇಗ ಸಿಕ್ಕಿತು. ಗುಡುಗು ಕೇಳಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮ ಕರಾವಳಿಯ ವಾಡಿಕೆ. ಜಾನೆಟಳ ಅತ್ತೆ ಐರಿನ್ ಬಾಯಿ ಆ ತಿಂಗಳು ದಿನಾ ಸಂಜೆ ಗುಡುಗಿದಾಗ, ಓಡುತ್ತಿದ್ದ ಡೆಸ್ಕ್‌ಟಾಪಿನದ್ದನ್ನೂ ಕೀಳುತ್ತಿದ್ದರು. ಉಳಿಸಿದ್ದು ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟ್ ಹೋದರೆ ಫೈಲಿನ ಹೆಸರು ಉಳಿಯುತ್ತದೆ, ಒಳಗೆ ಏನೂ ಇರುವುದಿಲ್ಲ. ಸೊಸೆ ಆಗಲೇ ಅತ್ತೆಯ ಮೇಲೆ ಸಿಡುಕಿದ್ದಳು. ಐರಿನ್ ಬಾಯಿ ಅಡುಗೆಮನೆ ಸೇರಿದ್ದರು.

ಮೊದಲು ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲಿಸಿದೆ. ನಂತರ ನಕಲಿನಲ್ಲಿದ್ದ ಖಾಲಿ ಫೈಲುಗಳನ್ನು ಅಳಿಸಿದೆ. ಗಿಟ್ ತನ್ನ ನಡೆಗಳನ್ನು ದಾಖಲಿಸುವ ರೆಫ್‌ಲಾಗ್‌ನಲ್ಲಿ ಹಿಂದಿನ ಆವೃತ್ತಿ ಸಿಕ್ಕಿಯೇಬಿಟ್ಟಿತು. ಆದರೆ ಅದರಲ್ಲೊಂದು ಫೈಲಿನ ಹೆಸರು ಮಾತ್ರ ಇತ್ತು, ಒಳಗಿನದ್ದು ಖಾಲಿಯಾದವುಗಳ ಜೊತೆ ಹೋಗಿತ್ತು, ಅದೂ ದರ ಲೆಕ್ಕ ಹಾಕುವ ಫೈಲೇ. ಜಾನೆಟಳ ಕಣ್ಣು ತುಂಬಿತು.

ಬೇರೆಲ್ಲಾದರೂ ಒಂದು ಪ್ರತಿ ಇದ್ದೀತೆಂದು ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. "ಬಾಯಿ, ಈ ಪ್ರೋಗ್ರಾಂ ನೀವೂ ನೋಡಿದ್ದುಂಟಾ?"

"ಹೂವಿನ ದರ ನೋಡ್ಲಿಕ್ಕೆ ಹಳೆ ಲ್ಯಾಪ್‌ಟಾಪಿನಲ್ಲಿ ಹಾಕಿ ಕೊಟ್ಟಿದ್ದಳು. ಹೊಸತು ಹಾಕ್ತೇನೆ ಅಂದಳು, ನಾನು ಬಿಡಲಿಲ್ಲ. ಇದು ನನಗೆ ಅರ್ಥ ಆಗ್ತದೆ, ಮತ್ತೆ ಎಂತಕ್ಕೆ ಬದಲಾಯಿಸುವುದು?"

"ಅಯ್ಯೋ, ಅದು ನನಗೆ ಮರೆತೇ ಹೋಗಿತ್ತು," ಎಂದಳು ಜಾನೆಟ್.

ಲ್ಯಾಪ್‌ಟಾಪ್ ಬಂತು. ಅದರಲ್ಲಿದ್ದ ಫೈಲ್ ನಮಗೆ ಬೇಕಾದದ್ದೇ ಎಂದು ತಿಳಿಯುವುದು ಹೇಗೆ? ಗಿಟ್ ತನ್ನೊಳಗೆ ಹೆಸರಿಡುವುದು ಫೈಲಿನೊಳಗಿನ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು. ಒಂದು ಚುಕ್ಕೆ ಬದಲಾದರೂ ಹೆಸರು ಬೇರೆ. ಲ್ಯಾಪ್‌ಟಾಪಿನ ಫೈಲಿಗೆ ಹೆಸರಿಡಲು ಗಿಟ್‌ಗೆ ಆದೇಶ ಕೊಟ್ಟೆ. ಮೂಡಿದ ಉದ್ದನೆಯ ಹೆಸರನ್ನು ಜಾನೆಟ್ ಓದುತ್ತಾ ಹೋದಳು, ನಾನು ಕಾಣೆಯಾದದ್ದರ ಹೆಸರಿನೊಡನೆ ತಾಳೆ ನೋಡುತ್ತಾ ಹೋದೆ. ಕೊನೆಯ ಅಕ್ಷರವೂ ಕೂಡಿಬಂದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಆ ಫೈಲನ್ನು ಅದರ ಜಾಗಕ್ಕೆ ಸೇರಿಸಿದೊಡನೆ ಪ್ರೋಗ್ರಾಂ ಓಡಿತು.

ಮರುದಿನ ವ್ಯಾಪಾರಿಗಳು ಒಪ್ಪಿದರು. ನಕಲು ಮಾಡದೆ ರಿಪೇರಿಗೆ ಕೈಹಾಕಬಾರದೆಂಬುದು ನನಗೆ ಮೊದಲೇ ಗೊತ್ತಿತ್ತು. ಪ್ಲಗ್ ಕಿತ್ತವರನ್ನು ಬೈಯುವ ಮೊದಲು ಅವರ ಹತ್ತಿರ ಏನೇನು ಉಂಟು ಎಂದು ಕೇಳಬೇಕೆಂಬುದನ್ನು ಆ ದಿನ ಕಲಿತೆ. ಈಗ ಗುಡುಗಿದರೆ ಬಾಯಿ ಪ್ಲಗ್ಗಿನ ಮೇಲೆ ಕೈಯಿಟ್ಟು ಕೂಗುತ್ತಾರಂತೆ: "ಜಾನೆಟ್, ಸರ್ವರಿಗೆ ಕಳಿಸಿ ಆಯಿತಾ?"