ಗಂಜಿನ ಸಂವಿಧಾನಕ್ಕೆ ಬಿದ್ದ ಒಂದು ವಿರುದ್ಧ ಓಟು

ಬೀದರಿನ ಧಾನ್ಯ ಮಾರುಕಟ್ಟೆ ಗಾಂಧಿ ಗಂಜಿನ ಹಮಾಲ ಸಲಾವೋದ್ದೀನನ ಬೆನ್ನು ಎಷ್ಟು ಗಟ್ಟಿಯೋ, ಅಕ್ಷರ ಅಷ್ಟೇ ದುಂಡು. ಏಳನೆಯ ತರಗತಿಗೆ ಶಾಲೆ ಬಿಟ್ಟರೂ ಪೇಪರ್ ಓದುವ ಚಟ ಬಿಟ್ಟಿರಲಿಲ್ಲ. ಬೀದರ, ಭಾಲ್ಕಿ, ಔರಾದ ಮೂರೂ ಊರಿನ ಹಮಾಲರಿಗೆ ಒಂದೇ ಸಂಘ, ಅದಕ್ಕೊಂದು ಹೊಸ ಸಂವಿಧಾನ ಎಂಬ ಮಾತು ಬಂದಾಗ, ಜನರನ್ನು ಒಪ್ಪಿಸುವ ಕೆಲಸ ಅವನ ಕೊರಳಿಗೇ ಬಿತ್ತು.

‘ಗಂಜಿನವ’ ಎಂಬ ಹೆಸರಿನಲ್ಲಿ ಬರೆದು ಚಹಾದಂಗಡಿಯ ಗೋಡೆಗೆ ಅಂಟಿಸುತ್ತಿದ್ದ. ಅದರ ಫೋಟೋ ವಾಟ್ಸಾಪಿನಲ್ಲಿ ಭಾಲ್ಕಿಗೂ ಔರಾದಿಗೂ ಹೋಗುತ್ತಿತ್ತು. ಬೀದರಿನವರು ನಮ್ಮನ್ನು ನುಂಗಿ ನೀರು ಕುಡಿಯುತ್ತಾರೆಂದು ಭಾಲ್ಕಿಯವರು ಹೆದರಿದರೆ, ಅಧ್ಯಕ್ಷಗಿರಿ ಸರದಿಯಂತೆ ಬರುತ್ತದೆಂದು ಬರೆದ. ವ್ಯಾಪಾರಿಗಳು ತಮ್ಮ ಮಂದಿಯನ್ನು ಒಳಗೆ ತೂರಿಸುತ್ತಾರೆಂದು ಔರಾದಿನವರು ಗುಮಾನಿಪಟ್ಟರೆ, ‘ಬೆನ್ನ ಮೇಲೆ ಚೀಲ ಹೊತ್ತವರೇ ಸದಸ್ಯರು, ಬೇರೆ ಯಾರೂ ಅಲ್ಲ’ ಎಂಬ ಕಲಮನ್ನು ಹೊಗಳಿ ಅಟ್ಟಕ್ಕೇರಿಸಿದ. ಔರಾದಿನವರು ತಣ್ಣಗಾದರು.

ಪ್ರತಿ ಲೇಖನವನ್ನೂ ಮೊದಲು ಹೆಂಡತಿ ಸಕೀನಾಗೆ ಓದಿ ಹೇಳುತ್ತಿದ್ದ. ಅದೇ ಗಂಜಿನಲ್ಲಿ ಜರಡಿ ಹಿಡಿದು ತೊಗರಿ, ಕಡಲೆ ಹಸನು ಮಾಡುವವಳು ಅವಳು. ಓದಲು ಬಾರದು. ಕೇಳಿ ಮುಗಿದ ಮೇಲೆ ಅವಳದು ಒಂದೇ ಪ್ರಶ್ನೆ.

“ಇದರಾಗ ನಾವೂ ಅದೀವೇನ್ರಿ?”

“ಎಲ್ಲಾರೂ ಅದಾರ. ಗಂಜಿನ ಮಂದಿ ಅಂದ್ರ ಎಲ್ಲಾರೂ.”

ಓಟಿನ ದಿನ ಸಕೀನಾ ಜರಡಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದು ಸಾಲಿನಲ್ಲಿ ನಿಂತಳು. ಹಬ್ಬಕ್ಕೆಂದು ಇಟ್ಟಿದ್ದ ಸೀರೆ ಉಟ್ಟಿದ್ದಳು. ಮೇಜಿನ ಮುಂದಿದ್ದ ಹಮಾಲರ ಮುಖಂಡ ಮಡೆಪ್ಪ ತಲೆಯೆತ್ತಿದ.

“ಭಾಭೀ, ನಿಮಗ ಓಟಿಲ್ರಿ. ನೀವು ಹಸನ ಮಾಡೋರು. ಬೆನ್ನ ಮ್ಯಾಲ ಚೀಲ ಹೊತ್ತವರಿಗಷ್ಟೇ ಅದ. ‘ಗಂಜಿನವ’ ಅಷ್ಟು ಬಿಡಿಸಿ ಬರದಾನಲ್ರಿ!”

ಹಿಂದೆಯೇ ನಿಂತಿದ್ದ ಸಲಾವೋದ್ದೀನನಿಗೆ ಆಗ ಹೊಳೆಯಿತು. ಬರೆದವನು ತಾನೇ! ದಿನವೂ ಪಕ್ಕದಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಉಣ್ಣುವ ಹೆಂಡತಿ ಆ ಸಾಲು ಬರೆಯುವಾಗ ನೆನಪಿಗೇ ಬಂದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸಕೀನಾ ಅವನ ಮುಖ ನೋಡಿದಳು. ಧೂಳಿಗೆ ಸೆರಗು ಮೂಗಿಗೆ ಕಟ್ಟಿಕೊಂಡು ಜರಡಿಯ ಕಡೆ ನಡೆದಳು. ಉಳಿದ ಹೆಂಗಸರೂ ಹಿಂದೆ ಹೋದರು.

ಅವನ ಕೈಗೆ ಚೀಟಿ ಬಂತು. ಗುರುತು ಹಾಕಿದ. ಮಡಚಿ ಡಬ್ಬಿಗೆ ಹಾಕಿದ.

ಸಂಜೆ ಎಣಿಕೆ ಮುಗಿದಾಗ ಹಲಗೆ ಬಡಿದ ಸದ್ದಿಗೆ ಗಂಜಿನ ಪಾರಿವಾಳಗಳೆಲ್ಲ ಹಾರಿದವು. ಮೂರೂ ಊರಿನವರು ಒಪ್ಪಿದ್ದರು. ವಿರುದ್ಧ ಬಿದ್ದದ್ದು ಒಂದೇ ಓಟು. ‘ಗಂಜಿನವ’ ಯಾರೆಂದು ಬಲ್ಲ ಮಡೆಪ್ಪ ಅವನ ಹೆಗಲಿಗೆ ಗುಲಾಲು ಬಳಿದು, ಪಕ್ಕಕ್ಕೆ ಕರೆದ.

“ಯಾವನೋ ಒಬ್ಬ ನಮಕಹರಾಮ ನಮ್ಮಾಗೇ ಅದಾನ ನೋಡ್ರಿ. ಅವನ ಮ್ಯಾಲೊಂದು ಬರೀರಿ. ಬಿಡಬ್ಯಾಡ್ರಿ ಅವನಿಗಿ!”

“ಬರೀತೇನಿ,” ಎಂದ ಸಲಾವೋದ್ದೀನ.

ಮನೆಗೆ ಬಂದವನೇ ಬರೆಯಲು ಕೂತ. ‘ಆ ಒಂದು ಓಟು ನನ್ನದು’ ಎಂದು ಮೊದಲ ಸಾಲು. ಯಾಕೆಂಬುದನ್ನೂ ಬರೆದ. ಕೆಳಗೆ ‘ಗಂಜಿನವ’ ಎಂದು ಹಾಕದೆ ತನ್ನ ಸ್ವಂತ ಹೆಸರು ಹಾಕಿದ. ಎಂದಿನಂತೆ ಸಕೀನಾಗೆ ಓದಿ ಹೇಳಿದ. ಅವಳು ಕಡೆಯವರೆಗೂ ಕೇಳಿ, ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಈ ಸಲ ಬರೇ ಓದಿದ್ರ ನಂಬಂಗಿಲ್ರಿ,” ಎಂದಳು. “ನಾವು ಎಲ್ಲಿ ಅದೀವಿ, ಬೆರಳಿಟ್ಟು ತೋರಸ್ರಿ.”